ರಾಣಿ ಇಳಿಯದ ತೊಟ್ಟಿ

ನನ್ನ ಕೈಚೀಲದಲ್ಲಿ ಯಾವಾಗಲೂ ಒಂದು ಹಳೆಯ ಹಲ್ಲುಜ್ಜುವ ಬ್ರಷ್ಷು ಇರುತ್ತದೆ. ಮೊನ್ನೆ ಮಧುಗಿರಿಯಿಂದ ಕೊರಟಗೆರೆಗೆ ಬರುವ ಬಸ್ಸಿನಲ್ಲಿ ಕಂಡಕ್ಟರಿಗೆ ತೋರಿಸಲು ಆಧಾರ್ ಕಾರ್ಡು ಹುಡುಕುತ್ತಿದ್ದಾಗ ಅದು ಜಾರಿ ಪಕ್ಕದಲ್ಲಿ ಕೂತಿದ್ದ ಹೆಂಗಸಿನ ಮಡಿಲಿಗೆ ಬಿತ್ತು. ಆಕೆ ಅದನ್ನು ಎರಡೇ ಬೆರಳಲ್ಲಿ ಎತ್ತಿ, ಮಣ್ಣು ಮೆತ್ತಿದ ಎಳೆಗಳನ್ನು ನೋಡಿ, ಆಮೇಲೆ ನನ್ನ ಬಾಯಿಯನ್ನು ನೋಡಿದರು.

“ಇದ್ರಾಗೇ ಉಜ್ಜೋದಾ ಕಣಮ್ಮ?”

“ಇಲ್ಲ, ಇದು ಗೋಡೆಗೆ,” ಎಂದೆ.

ಆಕೆ ಬ್ರಷ್ಷನ್ನು ವಾಪಸು ಕೊಟ್ಟು, ಕಿಟಕಿಯ ಕಡೆ ಸ್ವಲ್ಪ ಸರಿದು ಕೂತರು. ನಾನು ಪುರಾತತ್ವ ಓದಿದವಳು, ಹಳೆಯ ಗಾರೆಯ ಮೇಲಿನ ಧೂಳನ್ನು ಗೀರು ಬೀಳದಂತೆ ತೆಗೆಯಲು ಇಷ್ಟು ಒಳ್ಳೆಯ ಸಾಮಾನು ಬೇರೆ ಇಲ್ಲ ಎಂದು ವಿವರಿಸಬಹುದಿತ್ತು. ಆದರೆ ಬಸ್ಸಿನಲ್ಲಿ ಓದಿನ ಮಾತು ತೆಗೆದರೆ ಕೆಲಸದ ಮಾತು ಬರುತ್ತದೆ, ಕೆಲಸದ ಹಿಂದೆ ಮದುವೆಯ ಮಾತು ಬರುತ್ತದೆ, ಕೊರಟಗೆರೆ ಇನ್ನೂ ದೂರವಿರುತ್ತದೆ. ಕೈಯಲ್ಲಿ ಬ್ರಷ್ಷು ಹಿಡಿದು ಸುಮ್ಮನೆ ಕೂತಾಗಲೇ ದೊಡ್ಡಮ್ಮನ ತೊಟ್ಟಿ ನೆನಪಾದದ್ದು.

ದೊಡ್ಡಮ್ಮ ನಮ್ಮ ಅಮ್ಮನ ಅಕ್ಕ. ಹೊಳವನಹಳ್ಳಿಯಿಂದ ಸ್ವಲ್ಪ ಒಳಗೆ ಅವರ ಊರು, ಅಂದರೆ ಅಮ್ಮನ ತವರು. ತಾತನಿಗೆ ಗಂಡು ಮಕ್ಕಳಿರಲಿಲ್ಲವಾದ್ದರಿಂದ ದೊಡ್ಡಮ್ಮ ಮದುವೆಯಾಗಿಯೂ ಅಲ್ಲೇ ಉಳಿದರು. ಶಿರಾ ಕಡೆಯ ದೊಡ್ಡಪ್ಪ ಮನೆ ಅಳಿಯನಾಗಿ ಬಂದು ಹೊಲ ನೋಡಿಕೊಂಡರು. ಆ ಹೊಲದ ಮೇಲಿನ ತುದಿಯಲ್ಲಿ, ಇಳಿಜಾರು ಶುರುವಾಗುವ ಕಡೆ, ಒಂದು ಹಾಳು ಕಟ್ಟಡ. ಸೂರು ಬಿದ್ದುಹೋದ ಒಂದು ಉದ್ದನೆಯ ಕೋಣೆ; ಅದರ ಪಕ್ಕದಲ್ಲಿ ಒಂದಕ್ಕಿಂತ ಒಂದು ತಗ್ಗಿನಲ್ಲಿ ಮೂರು ಇಟ್ಟಿಗೆಯ ತೊಟ್ಟಿ. ಸುತ್ತ ಹೊಂಗೆ ಮತ್ತು ಸೀತಾಫಲದ ಗಿಡಗಳು.

ಬೇಸಿಗೆ ರಜೆಯ ನನ್ನ ಬಾಲ್ಯವೆಲ್ಲ ಆ ತೊಟ್ಟಿಗಳಲ್ಲಿ ಕಳೆಯಿತು. ಮಧ್ಯಾಹ್ನದ ಬಿಸಿಲಿಗೆ ಊರೆಲ್ಲ ಕಾದ ಹಂಚಿನಂತಾದಾಗಲೂ ನಡುವಿನ ತೊಟ್ಟಿಯ ಒಂದು ಮೂಲೆ ತಣ್ಣಗಿರುತ್ತಿತ್ತು. ಇಟ್ಟಿಗೆ ಕಿತ್ತ ಸಂದಿಗೆ ಕಾಲಿಟ್ಟು ಇಳಿದು, ಅಲ್ಲಿ ಬೆನ್ನು ಆನಿಸಿ ಕೂತು ಉಪ್ಪು ಖಾರ ಅದ್ದಿದ ಹುಣಸೆಕಾಯಿ ತಿನ್ನುವುದು ನಮ್ಮ ಕೆಲಸ. ದೊಡ್ಡಮ್ಮನ ಮಗಳು ಸುಮ ನನಗಿಂತ ಚಿಕ್ಕವಳು. ಅವಳು ಹುಣಸೆಕಾಯಿಯ ಜೊತೆಗೆ ಗೋಡೆಯ ಗಾರೆಯನ್ನೂ ಕೆರೆದು ತಿನ್ನುತ್ತಿದ್ದಳು. ನಾನು ತಿನ್ನಲಿಲ್ಲ. ಯಾವ ಇಟ್ಟಿಗೆ ಎಲ್ಲಿ ಕಿತ್ತಿದೆ ಎಂದು ನೋಡುತ್ತಿದ್ದೆ. ಅಂಥ ಮಕ್ಕಳನ್ನು ಕಂಡರೆ ಬೇರೆ ಮಕ್ಕಳಿಗೆ ಬೇಜಾರಾಗುತ್ತದೆ ಎಂದು ಆಗ ಗೊತ್ತಿರಲಿಲ್ಲ.

ಊರಿನಲ್ಲಿ ಅದಕ್ಕೆ ‘ರಾಣಿ ಕೊಳ’ ಎನ್ನುತ್ತಿದ್ದರು. ಹೆಚ್ಚಾಗಿ ದೊಡ್ಡಮ್ಮ ಎನ್ನುತ್ತಿದ್ದರು, ಉಳಿದವರು ಒಪ್ಪುತ್ತಿದ್ದರು. ಚನ್ನರಾಯನದುರ್ಗದ ಪಾಳೇಗಾರನ ರಾಣಿ ಶುಕ್ರವಾರಕ್ಕೊಮ್ಮೆ ಪಲ್ಲಕ್ಕಿಯಲ್ಲಿ ಇಲ್ಲಿಗೆ ಬಂದು ಮೀಯುತ್ತಿದ್ದಳಂತೆ. “ದುರ್ಗದಲ್ಲಿ ನೀರಿರಲಿಲ್ವಾ ದೊಡ್ಡಮ್ಮ?” ಎಂದು ಒಮ್ಮೆ ಕೇಳಿದ್ದೆ. “ಅಲ್ಲೀದು ಗಡಸು ನೀರು. ತಲೆಗೂದಲು ಉದುರ್ತದೆ,” ಎಂದು ಒಂದು ಕ್ಷಣವೂ ತಡೆಯದೆ ಹೇಳಿದ್ದರು. ಅಷ್ಟು ಬೇಗ ಉತ್ತರ ಹೊಳೆಯುವವರನ್ನು ನಾನು ಆಮೇಲೆ ವಿಶ್ವವಿದ್ಯಾಲಯದ ವಿಚಾರಸಂಕಿರಣಗಳಲ್ಲಿ ಮಾತ್ರ ಕಂಡಿದ್ದೇನೆ.

ರಾಣಿಯಿಂದಾಗಿ ಮನೆಯಲ್ಲಿ ಒಂದು ಪದ್ಧತಿ ಬೆಳೆದಿತ್ತು. ಮದುವೆಗೆ ಮುಂಚೆ ಮನೆಯ ಹುಡುಗಿಗೆ ಅರಿಶಿನದ ನೀರು ಹುಯ್ಯುವುದು ಎಲ್ಲ ಕಡೆ ಚಪ್ಪರದ ಕೆಳಗಾದರೆ ನಮ್ಮಲ್ಲಿ ಆಳ ಕಡಿಮೆಯಿರುವ ಕೆಳಗಿನ ತೊಟ್ಟಿಯಲ್ಲಿ. ಮಣೆ ಇಟ್ಟು ಹುಡುಗಿಯನ್ನು ಕೂರಿಸಿ, ಸುತ್ತಲಿನ ಗೋಡೆಯ ಮೇಲೆ ನಿಂತ ಮುತ್ತೈದೆಯರು ತಂಬಿಗೆಯಿಂದ ನೀರು ಹುಯ್ಯುತ್ತಾರೆ. ತಾತನ ಅಕ್ಕತಂಗಿಯರಿಗೆ ಹಾಗೇ ಆಯಿತು, ದೊಡ್ಡಮ್ಮನಿಗೆ ಆಯಿತು, ನಮ್ಮ ಅಮ್ಮನಿಗೂ ಆಯಿತು. ಸುಮಳ ಮದುವೆ ಪಾವಗಡದ ಕಡೆಗೆ ಗೊತ್ತಾದಾಗ ನಿಶ್ಚಿತಾರ್ಥದ ದಿನವೇ ದೊಡ್ಡಮ್ಮ ಬೀಗಿತ್ತಿಯ ಮುಂದೆ, “ನಮ್ಮ ಮನೆ ಹುಡುಗೀರು ರಾಣಿ ಕೊಳದಲ್ಲಿ ಮಿಂದು ಹಸೆಮಣೆ ಏರೋದು,” ಎಂದು ಹೇಳಿಬಿಟ್ಟಿದ್ದರು. ಬೀಗಿತ್ತಿ ಬೆರಗಾಗಿ, “ಅವುನಾ! ಅಂಗಾದ್ರೆ ನಾವೂ ಒಂದಿನ ಮುಂಚೇನೇ ಬತ್ತೀವಮ್ಮ, ಸೂಡಾಲ ಅದನ್ನ, ನೋಡ್ಲೇಬೇಕು,” ಎಂದು ತಮ್ಮ ಕಡೆಯ ತೆಲುಗು ಬೆರೆಸಿ ಹೇಳಿದ್ದರು.

ಅದೇ ಸಮಯಕ್ಕೆ ದೊಡ್ಡಪ್ಪನಿಗೆ ದಾಳಿಂಬೆಯ ಯೋಚನೆ ಬಂತು. ಶೇಂಗಾ ಬಿಟ್ಟು ಹೊಲಕ್ಕೆಲ್ಲ ದಾಳಿಂಬೆ ಹಾಕಿ, ಹನಿ ನೀರಾವರಿ ಮಾಡುವ ಯೋಜನೆ. ಇಳಿಜಾರನ್ನು ಮಟ್ಟ ಮಾಡಬೇಕು. ಮಟ್ಟ ಮಾಡಲು ತೊಟ್ಟಿ ಅಡ್ಡ. ಊರ ರಸ್ತೆ ಕೆಲಸಕ್ಕೆ ಜೆಸಿಬಿ ಬಂದಿತ್ತು, ಅದು ಹೋಗುವುದರೊಳಗೆ ಕೆಲಸ ಮುಗಿಸಿಕೊಳ್ಳಬೇಕು ಎಂದು ಅವರ ಹಟ. ಮದುವೆಗೆ ಕೈಯಾಸರೆಯಾಗಲೆಂದು ನಾನು ಮುಂಚಿತವಾಗಿ ಹೋದವಳು ನೇರವಾಗಿ ಈ ಜಗಳದ ಮಧ್ಯೆ ಇಳಿದೆ.

“ಮನೆ ಮುಂದೆ ಚಪ್ಪರದಾಗೆ ನೀರು ಹುಯ್ದ್ರೆ ಮದ್ವೆ ಆಗಕಿಲ್ವಾ?” ದೊಡ್ಡಪ್ಪ ಕೇಳುತ್ತಿದ್ದರು. “ಬೇಕಾರ್ ಜಾಗ ಅದು. ಹಾವು ಬಿಟ್ರೆ ಯಾರೂ ಇಲ್ಲ.”

“ರಾಣಿ ಮಿಂದಿದ್ದ ಜಾಗನ ಬೇಕಾರ್ ಅಂತೀರಲ್ಲ, ನಿಮ್ಮ ಶಿರಾದಾಗೆ ಇದ್ಯಾ ಇಂಥದ್ದು?”

“ನಮ್ಮಲ್ಲಿ ಕೋಟೆನೇ ಐತೆ, ನಾನೇನು ಅದ್ರಾಗೆ ಹೋಗಿ ಮಿಂದ್ನಾ?” ಎಂದವರು ನನ್ನನ್ನು ಕಂಡರು. “ತಗೋ, ಬಂದ್ಳು ಓದಿದೋಳು. ಇದ್ನೇ ತಾನೆ ನೀನು ಓದಿದ್ದು? ನೋಡಿ ಹೇಳು. ರಾಣಿ ಕೊಳ ಆದ್ರೆ ಮುಟ್ಟಕಿಲ್ಲ, ಬುಟ್ಬುಡ್ತೀನಿ. ಅಲ್ಲ ಅಂದ್ರೆ ಸೋಮವಾರ ಜೆಸಿಬಿ.”

ದೊಡ್ಡಮ್ಮನ ಮುಖ ಅರಳಿತು. ನಾನು ಅವರ ಕೈಯಲ್ಲಿ ಉಂಡು ಬೆಳೆದವಳು. ತೀರ್ಪು ಎತ್ತ ಬೀಳುತ್ತದೆ ಎಂಬುದರಲ್ಲಿ ಅವರಿಗೆ ಸಂಶಯವಿರಲಿಲ್ಲ. ಆ ರಾತ್ರಿ ನನ್ನ ತಟ್ಟೆಗೆ ಎರಡನೆಯ ಸಲ ತುಪ್ಪ ಬಿತ್ತು.

ಮರುದಿನ ಟೇಪು, ಪುಸ್ತಕ, ಬ್ರಷ್ಷು ಹಿಡಿದು ಹೋದೆ. ದೊಡ್ಡಮ್ಮ ಕೊಡೆ ಹಿಡಿದು ಹಿಂದೆಯೇ ಬಂದರು. ಇಪ್ಪತ್ತು ವರ್ಷ ಕೂತು ಹುಣಸೆಕಾಯಿ ತಿಂದ ಜಾಗವನ್ನು ಮೊದಲ ಸಲ ನೋಡುವಂತೆ ನೋಡಬೇಕಿತ್ತು. ನೋಡಿದ ಕೂಡಲೇ ಒಂದು ಮುಜುಗರ ಎದುರಾಯಿತು.

“ದೊಡ್ಡಮ್ಮ, ಮೆಟ್ಟಿಲೇ ಇಲ್ಲವಲ್ಲ. ಯಾವ ತೊಟ್ಟಿಗೂ ಇಲ್ಲ. ರಾಣಿ ಹೇಗೆ ಇಳಿಯುತ್ತಿದ್ದಳು?”

“ಸಖಿಯರು ಇಳಿಸ್ತಿದ್ರು.”

“ಇಷ್ಟು ಆಳಕ್ಕೆ?”

“ಏಣಿ ಹಾಕ್ತಿದ್ರು ಕಣಮ್ಮ. ರಾಣಿಗೆ ಒಂದು ಏಣಿ ಸಿಗಕಿಲ್ವಾ?”

ಮೇಲಿನ ತೊಟ್ಟಿಯ ಎದುರುಬದುರು ಗೋಡೆಗಳಲ್ಲಿ ಒಂದೇ ಎತ್ತರಕ್ಕೆ ಗೂಡುಗಳಿದ್ದವು, ತೊಲೆಯ ತುದಿ ಕೂರುವಂಥವು. ದೊಡ್ಡಮ್ಮನ ಪ್ರಕಾರ ಅವು ರಾಣಿಯ ದೀಪದ ಗೂಡುಗಳು. ಪ್ರತಿ ತೊಟ್ಟಿಯ ನೆಲವೂ ಒಂದು ಮೂಲೆಗೆ ವಾಲಿತ್ತು. ಆ ಮೂಲೆಯಲ್ಲಿ ಕಲ್ಲಿನ ತೂಬು. ಮೇಲಿನದರ ನೀರು ನಡುವಿನದಕ್ಕೆ, ನಡುವಿನದು ಕೆಳಗಿನದಕ್ಕೆ ಇಳಿಯುವ ಹಾಗೆ. ಪಕ್ಕದ ಉದ್ದ ಕೋಣೆಯ ಗೋಡೆಯ ತುಂಬ ಗಾಳಿಯಾಡುವ ಸಣ್ಣ ಕಿಂಡಿಗಳು. ಅವು ಕಾವಲುಗಾರರು ಕೋವಿ ಇಡುವ ಕಿಂಡಿಗಳು ಎಂದು ದೊಡ್ಡಮ್ಮ. ಮೀಯುವ ಹೆಂಗಸಿನ ಕಡೆಗೇ ಮುಖ ಮಾಡಿದ ಕಾವಲು ಎಂಥದು ಎಂದು ಕೇಳಬೇಕೆನಿಸಿತು, ಕೇಳಲಿಲ್ಲ. ಬಿಸಿಲಲ್ಲಿ ನನ್ನ ತಲೆಗೆ ಕೊಡೆ ಹಿಡಿದು ಅವರು ನೆರಳಿನ ಹೊರಗೆ ನಿಂತಿದ್ದರು.

ಆಗಲೇ ನೀಲಿ ಕಂಡದ್ದು. ನಡುವಿನ ತೊಟ್ಟಿಯ ಆ ನನ್ನ ತಣ್ಣನೆಯ ಮೂಲೆಯಲ್ಲಿ ಪಾಚಿ ಉಜ್ಜಿದಾಗ, ಬಿರುಕಿನಗುಂಟ ಒಂದು ತೆಳು ನೀಲಿ. ಉಜ್ಜಿದಷ್ಟೂ ಅಗಲವಾಯಿತು. ಬಟ್ಟೆಗೆ ಬಣ್ಣ ಕಟ್ಟುವ ನೀಲಿ ಗಿಡವನ್ನು ಒಂದು ಕಾಲಕ್ಕೆ ತೋಟವಾಗಿ ಬೆಳೆಸಿ, ಕೊಯ್ದ ಸೊಪ್ಪನ್ನು ಇಂಥದ್ದೇ ತೊಟ್ಟಿಗಳಲ್ಲಿ ನೆನೆಹಾಕುತ್ತಿದ್ದರು. ಮೇಲಿನ ತೊಟ್ಟಿಯಲ್ಲಿ ಸೊಪ್ಪಿನ ಹೊರೆ ತೇಲದಂತೆ ತೊಲೆ ಹೇರಿ ಕೊಳೆಸುವುದು. ಆ ನೀರನ್ನು ಕೆಳಗೆ ಇಳಿಸಿ, ಆಳುಗಳು ಅದರಲ್ಲಿ ನಿಂತು ಬಡಿದು ಕಲಕುವುದು. ಗಷ್ಟು ತಳಕ್ಕೆ ಕೂತ ಮೇಲೆ ತೆಗೆದು, ಹಿಂಡಿ, ಬಿಲ್ಲೆ ಮಾಡಿ ಗಾಳಿಯಾಡುವ ಕೋಣೆಯಲ್ಲಿ ಒಣಗಿಸುವುದು. ಗೂಡು, ತೂಬು, ಕಿಂಡಿ ಎಲ್ಲ ಹೊಂದುತ್ತಿತ್ತು, ಈಗ ಬಣ್ಣವೇ ಸಿಕ್ಕಿತ್ತು!

ನಾನು ಸಾಮಾನ್ಯವಾಗಿ ಕೂಗುವವಳಲ್ಲ. ಅಂದು ಕೂಗಿದೆ. ಹಟ್ಟಿಯಲ್ಲಿದ್ದ ದೊಡ್ಡಪ್ಪ ಓಡಿಬಂದರು. ಸುಮ ಫೇಸ್‌ಪ್ಯಾಕ್ ಹಚ್ಚಿದ ಮುಖದಲ್ಲೇ ಬಂದಳು. ಎಲ್ಲರಿಗೂ ನಿಂತಲ್ಲೇ ಒಂದು ಪಾಠ ಹೇಳಿದೆ, ಆ ನೀರು ಎಷ್ಟು ನಾರುತ್ತಿತ್ತು ಎಂಬುದನ್ನೂ ಬಿಡದೆ. ಫೋಟೋ ತೆಗೆದು ನನ್ನ ಮೇಷ್ಟರಿಗೆ ಕಳಿಸಿದೆ. ಪಾಠ ಮುಗಿದು ತಲೆಯೆತ್ತಿದಾಗ ದೊಡ್ಡಪ್ಪನ ಮುಖದಲ್ಲಿ ನಗು ಇತ್ತು.

“ಅಂಗಾದ್ರೆ ರಾಣಿ ಕೊಳ ಅಲ್ಲ.”

ದೊಡ್ಡಮ್ಮ ಕೊಡೆ ಮಡಚಿ ಮನೆಗೆ ಹೊರಟುಹೋದರು.

“ಅಕ್ಕ,” ಸುಮ ಪಿಸುಗುಟ್ಟಿದಳು, “ಅಲ್ಲಿ ಕೂತ್ರೆ ನಾನು ನೀಲಿ ಆಗ್ತೀನಾ?”

ಆ ಸಂಜೆ ದೊಡ್ಡಮ್ಮ ನನಗೆ ಬಡಿಸಿದರು, ಆದರೆ ಸುಮಳ ಮೂಲಕ ಕೇಳಿದರು: “ಅವ್ಳಿಗೆ ಸಾರು ಬೇಕಾ ಕೇಳು.” ಅವಳೆಂದರೆ ನಾನು, ಒಂದೇ ಒಲೆಯ ಮುಂದೆ ಕೂತಿದ್ದೆ.

ಮೇಷ್ಟರು ಉತ್ತರ ಬರೆದಿದ್ದರು. ಅಭಿನಂದನೆ ಇರಲಿಲ್ಲ. ಆ ನೀಲಿಯ ಕೆಳಗೆ ಏನಿದೆ ಎಂದು ಮಾತ್ರ ಕೇಳಿದ್ದರು. ಮೊದಲ ವರ್ಷದ ವಿದ್ಯಾರ್ಥಿಯೂ ಕೇಳಿಕೊಳ್ಳಬೇಕಾದ ಪ್ರಶ್ನೆ. ಬೆಳಿಗ್ಗೆ ಹೋಗಿ ನೀಲಿಯ ಅಂಚನ್ನು ನಿಧಾನವಾಗಿ ಬಿಡಿಸಿ ನೋಡಿದೆ. ಕೆಳಗಿದ್ದದ್ದು ಗಾರೆಯಲ್ಲ, ಸಿಮೆಂಟು. ತಾತನ ಕಾಲದಲ್ಲಿ ಬಿರುಕಿಗೆ ಮೆತ್ತಿದ ಬೂದು ಸಿಮೆಂಟು. ಸಿಮೆಂಟಿನ ಮೇಲೆ ಕೂತ ಬಣ್ಣ ಸಿಮೆಂಟಿಗಿಂತ ಹಳೆಯದಾಗಲು ಸಾಧ್ಯವಿಲ್ಲ.

ಅಲ್ಲೇ ಕೂತು ಅಮ್ಮನಿಗೆ ಫೋನು ಮಾಡಿದೆ.

“ಅಮ್ಮ, ನಿನ್ನ ಮದುವೆಗೆ ತೊಟ್ಟಿಗೆ ಏನಾದರೂ ಬಳಿದಿದ್ದರಾ?”

“ಮೂರಕ್ಕೂ ಸುಣ್ಣ ಬಳಿದಿದ್ರು. ಯಾಕೆ? ಬೆಳ್ಳಗೆ ಕಾಣಲಿ ಅಂತ ಸುಣ್ಣಕ್ಕೆ ಬಟ್ಟೆ ನೀಲಿ ಹಾಕ್ತಾರಲ್ಲ, ಅದನ್ನ ಕಲಸೋಕೆ ನಿಮ್ಮ ದೊಡ್ಡಮ್ಮನಿಗೆ ಹೇಳಿದ್ರು. ಅವಳು ಡಬ್ಬಿ ಪೂರ್ತಿ ಸುರಿದ್ಬಿಟ್ಟಳು. ತೊಟ್ಟಿ ಆಕಾಶದ ಥರ ಆಗೋಯ್ತು. ಅಪ್ಪ ಬೈದಿದ್ದು ಇನ್ನೂ ಕಿವೀಲಿದೆ.” ಅಮ್ಮ ನಗುತ್ತಲೇ ಇದ್ದರು. “ಅಕ್ಕನ್ನ ಕೇಳಬೇಡ, ಒಪ್ಪಲ್ಲ.”

ನನ್ನ ಮೊದಲ ಶೋಧ ನಮ್ಮಮ್ಮನ ಮದುವೆಯ ಸುಣ್ಣವಾಗಿತ್ತು. ಆಶ್ಚರ್ಯವೆಂದರೆ ನನಗೆ ಬೇಸರವಾಗಲಿಲ್ಲ. ಅದೇ ನೀಲಿ ಬಳಿದ ಕೆಳಗಿನ ತೊಟ್ಟಿಯಲ್ಲಿ ಅಮ್ಮ ನನಗಿಂತ ಚಿಕ್ಕವಳಾಗಿ, ಒದ್ದೆಯಾಗಿ, ಅರಿಶಿನ ಮೆತ್ತಿಕೊಂಡು ನಗುತ್ತ ಕೂತಿದ್ದನ್ನು ಯೋಚಿಸಿ ಸ್ವಲ್ಪ ಹೊತ್ತು ಅಲ್ಲೇ ಇದ್ದೆ. ಆಮೇಲೆ ಮನೆಗೆ ಹೋಗಿ, ನಿನ್ನೆಯ ಬಣ್ಣದ ಮಾತು ತಪ್ಪು ಎಂದು ಎಲ್ಲರೆದುರು ಹೇಳಿದೆ.

“ಅಂಗಾದ್ರೆ ರಾಣಿ ಕೊಳಾನೇ!” ದೊಡ್ಡಮ್ಮ ನೇರವಾಗಿ ನನ್ನೊಂದಿಗೇ ಮಾತಾಡಿದರು. “ನಂಗೊತ್ತಿತ್ತು. ಕೈ ತೊಳ್ಕೊ, ಒಬ್ಬಟ್ಟು ಬಿಸಿ ಐತೆ.”

ಒಬ್ಬಟ್ಟು ಬಿಸಿಯಾಗಿಯೇ ಇತ್ತು. ನಾನು ಸುಮ್ಮನಿದ್ದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಜೆಸಿಬಿ ಹೋಗುತ್ತಿತ್ತು, ತೊಟ್ಟಿ ಉಳಿಯುತ್ತಿತ್ತು, ಪಾವಗಡದ ಬೀಗರು ರಾಣಿ ಕೊಳ ನೋಡಿ ಹೋಗುತ್ತಿದ್ದರು. ಆದರೆ ಬಣ್ಣ ಸುಳ್ಳಾದರೂ ತೂಬು ಸುಳ್ಳಾಗಿರಲಿಲ್ಲ. ನೆಲದ ವಾಲು, ತೊಲೆಯ ಗೂಡು, ಇಲ್ಲದ ಮೆಟ್ಟಿಲು ಯಾವುದೂ ಸುಣ್ಣದಿಂದ ಬಂದದ್ದಲ್ಲ. ಒಬ್ಬಟ್ಟು ನುಂಗಿ, ಕೊರಟಗೆರೆಯ ಬಸ್ಸು ಹಿಡಿದು, ತಾಲ್ಲೂಕು ಕಚೇರಿಗೆ ಹೋಗಿ ಆ ಹೊಲದ ಹಳೆಯ ಸರ್ವೆ ನಕ್ಷೆಯ ನಕಲಿಗೆ ಅರ್ಜಿ ಕೊಟ್ಟೆ.

ಎರಡು ದಿನಕ್ಕೆ ಕೈಗೆ ಸಿಕ್ಕ ನಕ್ಷೆಯಲ್ಲಿ ಯಾವ ಗುಟ್ಟೂ ಇರಲಿಲ್ಲ. ಹೆಸರಿಲ್ಲದ ಒಂದು ಆಯತ, ಅದರೊಳಗೆ ಮೂರು ಚೌಕ. ಈಗ ಮುಚ್ಚಿಹೋಗಿರುವ ಬಾವಿಯಿಂದ ಮೇಲಿನ ತೊಟ್ಟಿಗೆ ಒಂದು ಕಾಲುವೆಯ ಗೆರೆ. ಅಲ್ಲಿಂದ ಹೊರಡುವ ಗಾಡಿ ದಾರಿ ದುರ್ಗದ ಕಡೆಗಲ್ಲ, ಪೂರ್ವದ ಹೊಲಗಳ ಕಡೆಗೆ. ರಾಣಿಯ ಪಲ್ಲಕ್ಕಿಗೆ ದಾರಿಯೇ ಇರಲಿಲ್ಲ, ಸೊಪ್ಪಿನ ಗಾಡಿಗಿತ್ತು. ಈ ಸೀಮೆಯಲ್ಲಿ ಹಿಂದೆ ನೀಲಿ ಬೆಳೆಯುತ್ತಿದ್ದರೆಂದು ಹಳೆಯ ಆಡಳಿತ ವರದಿಗಳಲ್ಲಿ ಓದಿದ್ದು ನೆನಪಿತ್ತು. ಇದೇ ಕಟ್ಟಡ ಎಂದು ಯಾವ ಕಾಗದವೂ ಹೇಳುವುದಿಲ್ಲ. ಆದರೆ ನೆಲದ ಮೇಲಿರುವುದನ್ನೂ ಕಾಗದದ ಮೇಲಿರುವುದನ್ನೂ ಒಟ್ಟಿಗಿಟ್ಟರೆ ಬೇರೆ ಉತ್ತರ ನನಗೆ ಕಾಣಲಿಲ್ಲ. ಮೊದಲ ದಿನದ ಉತ್ತರವೇ ಸರಿ, ಕೊಟ್ಟ ಕಾರಣ ತಪ್ಪು. ಪರೀಕ್ಷೆಯಲ್ಲಾಗಿದ್ದರೆ ನಾನೇ ಅಂಕ ಕಳೆಯುತ್ತಿದ್ದೆ.

ದೊಡ್ಡಪ್ಪನಿಗಿಂತ ಮುಂಚೆ ದೊಡ್ಡಮ್ಮನಿಗೆ ಹೇಳಬೇಕೆಂದುಕೊಂಡೆ. ಅವರು ಹಿತ್ತಲಲ್ಲಿ ಅರಿಶಿನದ ಕೊಂಬು ಒಣಹಾಕುತ್ತಿದ್ದರು. ಪಕ್ಕದಲ್ಲಿ ಕೂತು ಹೇಳಿದೆ. ಈ ಸಲ ಪಾಠವಾಗಲಿಲ್ಲ.

ಅವರು ಸಿಟ್ಟಾಗಲಿಲ್ಲ. “ಸುಳ್ಳು ಹೇಳು ಅಂತ ನಾನೇನು ಅಂದ್ನಾ?” ಎಂದರು, ಕೊಂಬು ಹರವುತ್ತಲೇ. “ರಾಣಿ ಯಾವಳೋ ಏನೋ, ನಾನೇನು ಕಂಡಿದ್ನಾ? ನಮ್ಮವ್ವ ನನಗೆ ಮೊದಲ್ನೇ ತಂಬಿಗೆ ಹುಯ್ದಿದ್ದು ಅಲ್ಲಿ. ಚಳಿ ಅಂತ ಎದ್ದು ನಿಂತೆ, ಭುಜ ಅದುಮಿ ಕೂರಿಸಿದ್ಳು. ಸುಮಿಗೂ ಅಲ್ಲೇ ನಾನು ಹುಯ್ಬೇಕು ಅಂತಿತ್ತು. ಅಷ್ಟೇಯ. ಬರೀ ತೊಟ್ಟಿ ಅಂದ್ರೆ ಆ ಮನುಷ್ಯ ಬುಡ್ತಾನಾ? ಅದಕ್ಕೇ ರಾಣಿ.”

ಅವರ ಪಕ್ಕದಲ್ಲಿ ಕೂತು ಉಳಿದ ಕೊಂಬುಗಳನ್ನು ಹರವಿದೆ.

ದೊಡ್ಡಪ್ಪನಿಗೆ ಬಾಯಲ್ಲಿ ಹೇಳುವ ಬದಲು ಒಂದು ಪರೀಕ್ಷೆ ಮಾಡಿ ತೋರಿಸೋಣವೆನಿಸಿತು. ಯಾರನ್ನೋ ಮೆಚ್ಚಿಸಲು ಅಲ್ಲ, ಖಚಿತವಾಗದೆ ಇನ್ನೊಮ್ಮೆ ಬಾಯಿ ಬಿಡಬಾರದೆಂದು. ಭಾನುವಾರ ತ್ರೀ ಫೇಸ್ ಕರೆಂಟು ಬಂದಾಗ ಬೋರ್‌ವೆಲ್ಲಿನ ಪೈಪನ್ನು ಮೇಲಿನ ತೊಟ್ಟಿಗೆ ತಿರುಗಿಸಲು ಕೇಳಿಕೊಂಡೆ. ತೂಬುಗಳಿಗೆ ಗೋಣಿಚೀಲ ತುರುಕಿ, ಬಿರುಕುಗಳಿಗೆ ಜೇಡಿಮಣ್ಣು ಮೆತ್ತಿದ್ದೆ. ದೊಡ್ಡಪ್ಪ ಬೀಡಿ ಹಚ್ಚಿ, ಕುಕ್ಕರಗಾಲಲ್ಲಿ ಕೂತು ನೋಡುತ್ತಿದ್ದರು. ತೊಟ್ಟಿ ಮುಕ್ಕಾಲು ತುಂಬಿತು, ಕರೆಂಟು ಹೋಯಿತು. ಮೇಲಿನ ತೂಬಿನ ಗೋಣಿಚೀಲ ಎಳೆದೆ.

ನೀರು ಒಂದು ಸಲ ಗೊಳಕ್ ಎಂದು, ಆಮೇಲೆ ಸದ್ದಿಲ್ಲದೆ ಇಳಿಯಿತು. ಮೇಲಿನದು ಒಂದು ಹನಿ ನಿಲ್ಲದೆ ಖಾಲಿಯಾಯಿತು. ನಡುವಿನದು ತುಂಬಿತು. ಅದರ ತೂಬನ್ನು ಬಿಟ್ಟಾಗ ಕೆಳಗಿನದು. ಅಲ್ಲಿಂದ ಹೊರಬಿದ್ದ ನೀರು ನೂರಾರು ವರ್ಷದಿಂದ ತನ್ನದೇ ದಾರಿ ಎಂಬಂತೆ ಇಳಿಜಾರು ಹಿಡಿದು ಹೊಲದ ಕೊನೆಯವರೆಗೆ ಹರಿಯಿತು.

“ನೋಡಿ ದೊಡ್ಡಪ್ಪ,” ಎಂದೆ. “ಇದು ಮೀಯಲು ಕಟ್ಟಿದ್ದಲ್ಲ. ತೋಟದ ಕೆಲಸಕ್ಕೆ ಕಟ್ಟಿದ್ದು.”

ದೊಡ್ಡಪ್ಪ ಎದ್ದು ಹರಿಯುವ ನೀರಿನ ಜೊತೆಗೇ ಹೊಲದ ತುದಿಯವರೆಗೆ ನಡೆದುಹೋದರು. ಅಲ್ಲಿ ನಿಂತು ಮೇಲಕ್ಕೆ ನೋಡಿದರು, ಮತ್ತೆ ಕೆಳಗೆ ನೋಡಿದರು. ವಾಪಸು ಬಂದಾಗ ಬೀಡಿ ಆರಿತ್ತು.

“ಮೋಟ್ರು ಇಲ್ದೆ ಹೋಯ್ತಲ್ಲಮ್ಮ.”

“ಹೂಂ.”

“ಕರೆಂಟು ಇದ್ದಾಗ ತುಂಬಿಸ್ಕೊಂಡ್ರೆ ಇಲ್ದಾಗ ತೂಬು ಎತ್ತಿದ್ರೆ ಆಯ್ತು. ಬರೋಬ್ಬರಿ ಕಟ್ಟವ್ನೆ ನನ್ಮಗ.” ಅವರು ಮೇಲಿನ ತೊಟ್ಟಿಯ ಗೋಡೆಯನ್ನು ಎತ್ತಿನ ಬೆನ್ನು ತಟ್ಟುವಂತೆ ತಟ್ಟಿದರು. “ರಾಣಿದು ಆಗಿದ್ರೆ ಬುಟ್ಬುಡ್ತಿದ್ದೆ, ಅಂಗೇ ಹಾಳು ಬಿದ್ದಿರೋದು. ಇದು ನಮ್ಮದೇ ಕೆಲಸದ್ದು. ಇದ್ನ ಯಾರು ಒಡೀತಾರೆ? ನಾಳೆ ಜೆಸಿಬಿಯೋನ್ಗೆ ಆಚೆ ಬದು ಮಟ್ಟ ಮಾಡು ಸಾಕು ಅಂತೀನಿ.”

ಮನೆಗೆ ಹೋಗಿ ದೊಡ್ಡಮ್ಮನಿಗೆ ಹೇಳಿದಾಗ ಅವರು ನಂಬಲಿಲ್ಲ. ತಾವೇ ಹೋಗಿ, ಒದ್ದೆ ನೆಲ ಮುಟ್ಟಿ ನೋಡಿ, ಗಂಡನಿಗೆ ಕೇಳಿಸುವಂತೆ, “ಮದ್ವೆ ಆಗೋವರ್ಗೂ ತೊಟ್ಟಿ ನಂದು,” ಎಂದರು. “ಆಮೇಲೆ ನೀರು ದಾಳಿಂಬೆಗಾದ್ರೂ ಬುಡಿ, ಕುಂಬಳಕಾಯಿಗಾದ್ರೂ ಬುಡಿ.”

ಅರಿಶಿನದ ದಿನ ಪಾವಗಡದ ಬೀಗಿತ್ತಿ ಮಾತು ಕೊಟ್ಟಂತೆ ಮುಂಚೆಯೇ ಬಂದಿದ್ದರು. ತೊಟ್ಟಿಯ ಸುತ್ತ ಮಾವಿನೆಲೆ ಕಟ್ಟಿತ್ತು. ಆಕೆ ಇಣುಕಿ ನೋಡಿ, “ರಾಣಿ ಎಲ್ಲಿ ಕೂರ್ತಿದ್ದದ್ದಮ್ಮ?” ಎಂದರು. ನಾನು ಮಾವಿನೆಲೆ ಸರಿಮಾಡುವವಳಂತೆ ಆಚೆ ತಿರುಗಿದೆ.

“ರಾಣಿ ಬಂದಿಲ್ವಂತೆ ಬೀಗಿತ್ತಿ,” ದೊಡ್ಡಮ್ಮ ಸೆರಗು ಸಿಕ್ಕಿಸಿಕೊಳ್ಳುತ್ತ ಹೇಳಿದರು. “ನೀಲಿ ಮಾಡೋ ಜಾಗ ಅಂತೆ ಇದು. ನಮ್ಮ ಹುಡುಗಿ ಓದವ್ಳೆ, ಅವ್ಳೇ ಕಂಡುಹಿಡಿದಿದ್ದು. ಜನ ಇದ್ರಾಗೆ ನಿಂತ್ಕೊಂಡು ದುಡೀತಿದ್ರಂತೆ, ಪಾಪ. ನಾವು ಮೀತಾ ಇದ್ದೀವಿ.”

“ನೀಲಿಮಂದಾ!” ಬೀಗಿತ್ತಿ ನೀಲಿಯ ತೆಲುಗು ಹೆಸರು ಹೇಳಿ ಬೆರಗಾದರು. ರಾಣಿಗೆ ಆದಷ್ಟೇ ಬೆರಗು, ಸ್ವಲ್ಪವೂ ಕಡಿಮೆಯಿಲ್ಲ. ಕೂಡಲೇ ಅವರು ತಂಬಿಗೆ ಎತ್ತಿಕೊಂಡು ಸಾಲಿನಲ್ಲಿ ನಿಂತರು.

ಮೊದಲ ತಂಬಿಗೆ ದೊಡ್ಡಮ್ಮ ಹುಯ್ದರು. ಸುಮ ಕಿರುಚಿ ಎದ್ದು ನಿಂತಳು, ದೊಡ್ಡಮ್ಮ ಬಗ್ಗಿ ಅವಳ ಭುಜ ಅದುಮಿ ಕೂರಿಸಿದರು. ಹಾಗೆಯೇ ಒಂದು ಗಳಿಗೆ ಕೈ ಅಲ್ಲೇ ಇತ್ತು. ಆಮೇಲೆ ಬೀಗಿತ್ತಿ ಹುಯ್ದರು, ನಮ್ಮಮ್ಮ ಹುಯ್ದರು, ಯಾರೋ ನನ್ನ ಕೆನ್ನೆಗೂ ಅರಿಶಿನ ಬಳಿದು ಓಡಿದರು. ಹಳದಿ ನೀರು ತೂಬಿನಿಂದ ಹೊರಬಿದ್ದು, ಹೊಸದಾಗಿ ನೆಟ್ಟ ದಾಳಿಂಬೆಯ ಸಾಲುಗಳ ಕಡೆ ಇಳಿಯತೊಡಗಿತು. ಕೆಳಗಡೆ ಗುದ್ದಲಿ ಹಿಡಿದು ನಿಂತಿದ್ದ ದೊಡ್ಡಪ್ಪ ಅಷ್ಟು ದೂರದಿಂದಲೇ ಕೂಗಿದರು:

“ಶಾಂಪೂ ಗೀಂಪೂ ಹಾಕ್ಬ್ಯಾಡ್ರೇ! ನೀರು ಗಿಡಕ್ಕೆ ಬತ್ತೈತೆ!”

“ನೀವು ಆ ಕಡೆ ತಿರುಕ್ಕೊಳ್ರೀ ಮೊದ್ಲು!” ದೊಡ್ಡಮ್ಮ ಕೂಗಿ, ಇನ್ನೊಂದು ತಂಬಿಗೆ ಎತ್ತಿದರು.